ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ: ಮನೆಯ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಸರಾಗವಾಗಿ ಓಡಲು

ವಿಮಾನ ಹಾರಿಸುವ ಅನುಭವವನ್ನು ಕಂಪ್ಯೂಟರ್ ಪರದೆಯ ಮೇಲೆ ಕೊಡುವ ತಂತ್ರಾಂಶಕ್ಕೆ ಫ್ಲೈಟ್ ಸಿಮ್ಯುಲೇಟರ್ ಎನ್ನುತ್ತಾರೆ. ಮೈಕ್ರೋಸಾಫ್ಟ್ ತನ್ನ ಮೊದಲ ಫ್ಲೈಟ್ ಸಿಮ್ಯುಲೇಟರನ್ನು ಹೊರತಂದದ್ದು 1982ರಲ್ಲಿ. ಅದರ 2020 ಮತ್ತು 2024ರ ಆವೃತ್ತಿಗಳು, ಎಕ್ಸ್-ಪ್ಲೇನ್ ಮತ್ತು ಫ್ಲೈಟ್‌ಗಿಯರ್ ಇಂದು ಹೆಚ್ಚಾಗಿ ಕೇಳಿಬರುವ ಹೆಸರುಗಳು. ಇವುಗಳಲ್ಲಿ ಫ್ಲೈಟ್‌ಗಿಯರ್ ಸಂಪೂರ್ಣ ಉಚಿತ. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು.

ಇದನ್ನು ಬಳಸುವ ನಮ್ಮ ಗೆಳೆಯರೆಲ್ಲರದೂ ಒಂದೇ ದೂರು. ವಿಮಾನ ಎತ್ತರದಲ್ಲಿರುವಾಗ ಎಲ್ಲವೂ ಚೆನ್ನಾಗಿರುತ್ತದೆ. ದೊಡ್ಡ ಊರಿನ ಮೇಲೆ ಬಂದಾಗ, ಅಥವಾ ರನ್‌ವೇಗೆ ಇಳಿಯುವಾಗ, ಚಿತ್ರ ತಡೆದು ತಡೆದು ಬರುತ್ತದೆ. ಪರಿಹಾರ ಕೇಳಿದರೆ ಸಿಗುವ ಉತ್ತರವೂ ಒಂದೇ: "ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸು." ಈ ಮಾತು ಕೆಲವು ಕಂಪ್ಯೂಟರ್‌ಗಳಿಗೆ ಸರಿ, ಇನ್ನು ಕೆಲವಕ್ಕೆ ತಪ್ಪು. ತಪ್ಪಾದ ಕಡೆ ಹಾಕಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ, ಕಂಪ್ಯೂಟರ್ ವಿಜ್ಞಾನದವನಲ್ಲ. ಆದರೆ ಈ ಸಮಸ್ಯೆಯನ್ನು ಬಿಡಿಸಲು ಬೇಕಾದದ್ದು ನಮ್ಮ ತರಗತಿಯಲ್ಲೇ ಕಲಿಸುವ ಒಂದು ಪಾಠ: ಮೊದಲು ಅಳೆಯಬೇಕು, ಆಮೇಲೆ ಖರ್ಚು ಮಾಡಬೇಕು.

ಸರಾಗ ಎಂದರೆ ಏನು?

ಸಿನಿಮಾದಂತೆ ಸಿಮ್ಯುಲೇಟರ್ ಕೂಡ ಒಂದರ ಹಿಂದೆ ಒಂದು ಚಿತ್ರವನ್ನು ತೋರಿಸುತ್ತದೆ. ಒಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಒಂದು ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದೇ ಎಫ್‌ಪಿಎಸ್. ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡ್. ಆದ್ದರಿಂದ 20 ಎಫ್‌ಪಿಎಸ್ ಇದ್ದರೆ ಒಂದು ಫ್ರೇಮಿಗೆ 50 ಮಿಲಿಸೆಕೆಂಡ್, 30 ಇದ್ದರೆ ಸುಮಾರು 33, 60 ಇದ್ದರೆ ಸುಮಾರು 17 ಮಿಲಿಸೆಕೆಂಡ್ ಸಮಯ ಸಿಗುತ್ತದೆ.

ಎಲ್ಲರೂ ಎಫ್‌ಪಿಎಸ್‌ನ ಸರಾಸರಿಯನ್ನೇ ನೋಡುತ್ತಾರೆ. ಸರಾಸರಿ ಕೆಲವೊಮ್ಮೆ ನಿಜವನ್ನು ಮುಚ್ಚಿಡುತ್ತದೆ ಎಂದು ಸಂಖ್ಯಾಶಾಸ್ತ್ರದಲ್ಲಿ ಓದಿದ್ದೇವೆ. ಇಲ್ಲೂ ಅದೇ ಕಥೆ. ಎರಡು ಕಂಪ್ಯೂಟರ್‌ಗಳನ್ನು ಊಹಿಸಿಕೊಳ್ಳಿ.

ಮೊದಲನೆಯದು ಹತ್ತು ಫ್ರೇಮ್‌ಗಳಲ್ಲಿ ಒಂಬತ್ತನ್ನು ತಲಾ 20 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ, ಒಂದಕ್ಕೆ ಮಾತ್ರ 120 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಟ್ಟು 300 ಮಿಲಿಸೆಕೆಂಡ್. ಸರಾಸರಿ 33 ಎಫ್‌ಪಿಎಸ್.

ಎರಡನೆಯದು ಹತ್ತಕ್ಕೆ ಹತ್ತನ್ನೂ ತಲಾ 33 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ಒಟ್ಟು 330 ಮಿಲಿಸೆಕೆಂಡ್. ಸರಾಸರಿ 30 ಎಫ್‌ಪಿಎಸ್.

ಕಾಗದದ ಮೇಲೆ ಮೊದಲನೆಯದೇ ವೇಗದ ಕಂಪ್ಯೂಟರ್. ಆದರೆ ಕೂತು ಹಾರಿಸಿದರೆ ಎರಡನೆಯದೇ ಹಿತ. ಮೊದಲನೆಯದರಲ್ಲಿ ಆ 120 ಮಿಲಿಸೆಕೆಂಡಿನ ಫ್ರೇಮ್ ಬಂದಾಗಲೆಲ್ಲ ವಿಮಾನ ಜಗ್ಗಿದಂತೆ ಕಾಣುತ್ತದೆ. ಆದ್ದರಿಂದ ನಮ್ಮ ಗುರಿ ಅತಿ ಹೆಚ್ಚು ಎಫ್‌ಪಿಎಸ್ ಅಲ್ಲ, ಏರುಪೇರಿಲ್ಲದ ಎಫ್‌ಪಿಎಸ್.

ಇದು ಬರೀ ಕಣ್ಣಿನ ಹಿತದ ಮಾತಲ್ಲ. ಸೆಸ್ನಾ 172 ಎಂಬ ಸಣ್ಣ ತರಬೇತಿ ವಿಮಾನ ಸುಮಾರು 65 ನಾಟ್ ವೇಗದಲ್ಲಿ ರನ್‌ವೇಯತ್ತ ಬರುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 33 ಮೀಟರ್. ಅರ್ಧ ಸೆಕೆಂಡ್ ಚಿತ್ರ ನಿಂತರೆ ವಿಮಾನ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ನಿಮಿಷಕ್ಕೆ 500 ಅಡಿಯಂತೆ ಇಳಿಯುತ್ತಿದ್ದರೆ ನಾಲ್ಕು ಅಡಿ ಕೆಳಗೂ ಬಂದಿರುತ್ತದೆ. ಚಕ್ರ ನೆಲ ಮುಟ್ಟುವ ಹೊತ್ತಿನಲ್ಲಿ ನಾಲ್ಕು ಅಡಿ ಎಂದರೆ ದೊಡ್ಡ ಅಂತರ. ಎಕ್ಸ್-ಪ್ಲೇನ್‌ನಲ್ಲಿ ಇನ್ನೊಂದು ವಿಷಯವಿದೆ: ಎಫ್‌ಪಿಎಸ್ 20ರ ಆಸುಪಾಸಿಗಿಂತ ಕೆಳಗೆ ಬಿದ್ದರೆ ಅದು ಸಮಯವನ್ನೇ ನಿಧಾನಗೊಳಿಸುತ್ತದೆ. ಆಗ ನೀವು ಕಲಿಯುವ ಲ್ಯಾಂಡಿಂಗ್ ನಿಜವಾದ ವೇಗದ ಲ್ಯಾಂಡಿಂಗ್ ಆಗಿರುವುದಿಲ್ಲ.

ಚಪಾತಿಯ ಉದಾಹರಣೆ

ಒಂದು ಫ್ರೇಮ್ ತಯಾರಾಗಲು ಇಬ್ಬರು ಕೆಲಸ ಮಾಡುತ್ತಾರೆ. ಸಿಪಿಯು, ಅಂದರೆ ಪ್ರೊಸೆಸರ್, ವಿಮಾನ ಎಲ್ಲಿದೆ, ಗಾಳಿ ಹೇಗಿದೆ, ಕೆಳಗೆ ಯಾವ ಕಟ್ಟಡಗಳಿವೆ, ಬೇರೆ ವಿಮಾನಗಳು ಎಲ್ಲಿವೆ ಎಂದು ಲೆಕ್ಕ ಹಾಕುತ್ತದೆ. ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡ್, ಆ ಲೆಕ್ಕವನ್ನು ತೆಗೆದುಕೊಂಡು ಚಿತ್ರ ಬಿಡಿಸುತ್ತದೆ.

ನಮ್ಮ ಮನೆಯಲ್ಲಿ ಅಮ್ಮಿ ಚಪಾತಿ ಲಟ್ಟಿಸುತ್ತಾರೆ, ಆಪಾ ಹೆಂಚಿನ ಮೇಲೆ ಬೇಯಿಸುತ್ತಾರೆ. ಅಮ್ಮಿ ನಿಮಿಷಕ್ಕೆ ಎರಡು ಚಪಾತಿ ಲಟ್ಟಿಸಿದರೆ, ಆಪಾ ನಿಮಿಷಕ್ಕೆ ನಾಲ್ಕು ಬೇಯಿಸಬಲ್ಲರಾದರೂ ತಟ್ಟೆಗೆ ಬೀಳುವುದು ಎರಡೇ. ಅಲ್ಲಿ ಇನ್ನೂ ದೊಡ್ಡ ಹೆಂಚು ತಂದರೆ ಏನು ಪ್ರಯೋಜನ? ಒಂದೂ ಹೆಚ್ಚು ಚಪಾತಿ ಬರುವುದಿಲ್ಲ.

ಇಲ್ಲಿ ಲಟ್ಟಿಸುವುದು ಸಿಪಿಯು, ಬೇಯಿಸುವುದು ಜಿಪಿಯು. ನಿಧಾನವಾಗಿರುವವರು ಯಾರೋ ಅವರೇ ಒಟ್ಟು ವೇಗವನ್ನು ನಿರ್ಧರಿಸುತ್ತಾರೆ. ಕಾರ್ಖಾನೆಯ ಲೆಕ್ಕದಲ್ಲಿ ಇದನ್ನು ಲಿಮಿಟಿಂಗ್ ಫ್ಯಾಕ್ಟರ್ ಎನ್ನುತ್ತಾರೆ. ಕಚ್ಚಾ ಮಾಲು ಕಡಿಮೆ ಇರುವಾಗ ಇನ್ನೊಂದು ಯಂತ್ರ ಕೊಂಡರೆ ಉತ್ಪಾದನೆ ಹೆಚ್ಚುವುದಿಲ್ಲ. ಸಿಪಿಯು ಹಿಂದೆ ಬಿದ್ದಿರುವ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕುವುದೂ ಹೀಗೆಯೇ.

ಅಳೆಯುವುದು ಹೇಗೆ?

ಅಳತೆಗೆ ಮೊದಲ ನಿಯಮ: ಪ್ರತಿ ಸಲವೂ ಪರಿಸ್ಥಿತಿ ಒಂದೇ ಆಗಿರಬೇಕು. ಒಂದು ದಾರಿ ಗೊತ್ತುಮಾಡಿಕೊಳ್ಳಿ. ಉದಾಹರಣೆಗೆ, ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಿಂದ ಸೆಸ್ನಾ 172ರಲ್ಲಿ ಹೊರಟು ದಕ್ಷಿಣಕ್ಕೆ, ಊರಿನ ಮೇಲೆ ಹತ್ತು ನಿಮಿಷ. ಬೆಳಿಗ್ಗೆ ಹತ್ತು ಗಂಟೆ, ಮೋಡವಿಲ್ಲದ ಹವಾಮಾನ. ಇದು ಕಟ್ಟಡಗಳು ದಟ್ಟವಾಗಿರುವ ದಾರಿ. ಹೋಲಿಕೆಗೆ ಇನ್ನೊಂದು: ಮಂಗಳೂರಿನ ಬಜ್ಪೆಯಿಂದ ಹೊರಟು ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ಮೇಲೆ. ಅಲ್ಲಿ ಕೆಳಗೆ ನೀರು ಬಿಟ್ಟರೆ ಬೇರೇನೂ ಇಲ್ಲ. ಸಮುದ್ರದ ಮೇಲೆ ಸರಾಗವಾಗಿದ್ದು ಊರಿನ ಮೇಲೆ ಮಾತ್ರ ಜಗ್ಗಿದರೆ, ಕಟ್ಟಡ ಮತ್ತು ನೆಲದ ವಿವರಗಳೇ ಭಾರವಾಗಿವೆ ಎಂದು ಅನುಮಾನಿಸಬಹುದು.

ಅನುಮಾನವನ್ನು ಖಚಿತಪಡಿಸಲು ಮೂರು ಉಪಾಯಗಳಿವೆ.

1. ಸಿಮ್ಯುಲೇಟರ್ ತಾನೇ ಹೇಳುತ್ತದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಮೇಲೆ ಬರುವ ಪಟ್ಟಿಯಲ್ಲಿ 'ಡಿಸ್‌ಪ್ಲೇ ಎಫ್‌ಪಿಎಸ್' ಆರಿಸಿ. ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಅದರಲ್ಲಿ 'ಲಿಮಿಟೆಡ್ ಬೈ ಮೇನ್‌ಥ್ರೆಡ್' ಎಂದಿದ್ದರೆ ಸಿಪಿಯು ಹಿಂದೆ ಬಿದ್ದಿದೆ; 'ಲಿಮಿಟೆಡ್ ಬೈ ಜಿಪಿಯು' ಎಂದಿದ್ದರೆ ಗ್ರಾಫಿಕ್ಸ್ ಕಾರ್ಡ್ ಹಿಂದೆ ಬಿದ್ದಿದೆ. ಎಕ್ಸ್-ಪ್ಲೇನ್‌ನಲ್ಲಿ 'ಡೇಟಾ ಔಟ್‌ಪುಟ್' ಪುಟದಿಂದ, ಫ್ಲೈಟ್‌ಗಿಯರ್‌ನಲ್ಲಿ 'ವ್ಯೂ' ಪಟ್ಟಿಯಿಂದ ಫ್ರೇಮ್ ರೇಟನ್ನು ಪರದೆಗೆ ತರಬಹುದು.

2. ಚಿತ್ರವನ್ನು ಚಿಕ್ಕದು ಮಾಡಿ ನೋಡಿ. ಪರದೆ 1920×1080 ಇದ್ದರೆ ಪ್ರತಿ ಫ್ರೇಮಿನಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳನ್ನು ಬಿಡಿಸಬೇಕು. 'ರೆಂಡರ್ ಸ್ಕೇಲಿಂಗ್' 100ರಿಂದ 70ಕ್ಕೆ ಇಳಿಸಿದರೆ ಉದ್ದದಲ್ಲಿ 70%, ಅಗಲದಲ್ಲಿ 70%, ಅಂದರೆ ಒಟ್ಟು 49% ಚುಕ್ಕಿಗಳು ಸಾಕು. ಜಿಪಿಯು ಕೆಲಸ ಅರ್ಧದಷ್ಟು ಕಡಿಮೆಯಾಯಿತು. ಆಗ ಎಫ್‌ಪಿಎಸ್ ಚೆನ್ನಾಗಿ ಏರಿದರೆ ತೊಂದರೆ ಇದ್ದದ್ದು ಜಿಪಿಯುನಲ್ಲಿ. ಏರದಿದ್ದರೆ ಸಿಪಿಯುನಲ್ಲಿ. ಇದು ಯಾವ ಸಿಮ್ಯುಲೇಟರ್‌ಗಾದರೂ ಹೊಂದುವ ಪರೀಕ್ಷೆ; ಬೇರೆ ಕಡೆ ಪರದೆಯ ರೆಸಲ್ಯೂಶನ್ ಇಳಿಸಿ ಮಾಡಬಹುದು.

3. ಟಾಸ್ಕ್ ಮ್ಯಾನೇಜರ್ ನೋಡಿ. ಹಾರಾಟದ ನಡುವೆ ಜಿಪಿಯು ಬಳಕೆ 95%ಕ್ಕಿಂತ ಮೇಲಿದ್ದರೆ ಅದೇ ಕಾರಣ. ಸಿಪಿಯು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಿಮ್ಯುಲೇಟರಿನ ಮುಖ್ಯ ಕೆಲಸ ಹೆಚ್ಚಾಗಿ ಒಂದೇ ಕೋರ್ ಮೇಲೆ ನಡೆಯುತ್ತದೆ. ಆರು ಕೋರ್ ಇರುವ ಪ್ರೊಸೆಸರಿನಲ್ಲಿ ಒಂದು ಕೋರ್ ಪೂರ್ತಿ ದಣಿದರೂ ಒಟ್ಟು ಲೆಕ್ಕದಲ್ಲಿ ಅದು ಸುಮಾರು 17% ಮಾತ್ರ. ಆದ್ದರಿಂದ "ಸಿಪಿಯು 40% ತೋರಿಸುತ್ತಿದೆ, ಇನ್ನೂ ಬಿಡುವಿದೆ" ಎಂದು ತೀರ್ಮಾನಿಸಬೇಡಿ.

ಸಿಪಿಯು ಹಿಂದೆ ಬಿದ್ದಿದ್ದರೆ

ಮೊದಲು ಕೈಹಾಕಬೇಕಾದದ್ದು 'ಟೆರೇನ್ ಲೆವೆಲ್ ಆಫ್ ಡೀಟೇಲ್'. ಎಷ್ಟು ದೂರದವರೆಗೆ ನೆಲವನ್ನು ವಿವರವಾಗಿ ತೋರಿಸಬೇಕು ಎಂಬುದನ್ನು ಇದು ಹೇಳುತ್ತದೆ. ವೃತ್ತದ ತ್ರಿಜ್ಯ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ ಎಂದು ಹೈಸ್ಕೂಲಿನಲ್ಲೇ ಓದಿದ್ದೇವೆ. ಹೀಗಾಗಿ ಈ ಸಂಖ್ಯೆಯನ್ನು 200ರಿಂದ 100ಕ್ಕೆ ಇಳಿಸಿದಾಗ ಕಡಿಮೆಯಾಗುವ ಕೆಲಸ ಅರ್ಧಕ್ಕಿಂತಲೂ ಹೆಚ್ಚಿರಬಹುದು. ಎತ್ತರದಲ್ಲಿ ಹಾರುವಾಗ ದೂರದ ಬೆಟ್ಟ ಸ್ವಲ್ಪ ಮಂಕಾಗಿ ಕಾಣುತ್ತದೆ, ಅಷ್ಟೇ.

ಆಮೇಲೆ ಟ್ರಾಫಿಕ್. ನಿಲ್ದಾಣದಲ್ಲಿ ನಿಂತಿರುವ ವಿಮಾನಗಳು, ರಸ್ತೆಯ ವಾಹನಗಳು, ಓಡಾಡುವ ಸಿಬ್ಬಂದಿ ಎಲ್ಲಕ್ಕೂ ಲೆಕ್ಕ ಹಾಕಬೇಕಾದದ್ದು ಸಿಪಿಯು. ಇವನ್ನು ಕಡಿಮೆ ಮಾಡಿದರೆ ಇಳಿಯುವ ಹೊತ್ತಿನ ಜಗ್ಗಾಟ ತಗ್ಗುತ್ತದೆ. ದೊಡ್ಡ ವಿಮಾನಗಳಲ್ಲಿ ಮೀಟರ್ ಬದಲು ಪರದೆಗಳಿರುತ್ತವೆ. 'ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್' ಇಳಿಸಿದರೆ ಅಲ್ಲೂ ಉಳಿತಾಯವಿದೆ.

ಜಿಪಿಯು ಹಿಂದೆ ಬಿದ್ದಿದ್ದರೆ

ರೆಂಡರ್ ಸ್ಕೇಲಿಂಗನ್ನು 80ಕ್ಕೆ ಇಳಿಸಿ. ಬಿಡಿಸಬೇಕಾದ ಚುಕ್ಕಿಗಳು 64%ಕ್ಕೆ ಇಳಿಯುತ್ತವೆ. ಮೋಡಗಳ ಗುಣಮಟ್ಟವನ್ನು ಒಂದು ಮೆಟ್ಟಿಲು ಕೆಳಗಿಡಿ. ಮೋಡಗಳು ಜಿಪಿಯುಗೆ ಬಹಳ ಭಾರ. ನೆರಳು ಮತ್ತು ಪ್ರತಿಬಿಂಬಗಳನ್ನೂ ಹಾಗೆಯೇ ಇಳಿಸಿ. ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ ಅಥವಾ ಕಡಿಮೆ ಇದ್ದರೆ ಟೆಕ್ಸ್‌ಚರ್ ಗುಣಮಟ್ಟವನ್ನು 'ಮೀಡಿಯಂ'ಗೆ ತನ್ನಿ.

ಮೆಮೊರಿ, ಡಿಸ್ಕ್, ಇಂಟರ್ನೆಟ್

ಅಪರೂಪಕ್ಕೊಮ್ಮೆ ಬರುವ ದೊಡ್ಡ ಜಗ್ಗಾಟಕ್ಕೆ ಹಲವು ಸಲ ಸಿಪಿಯುವೂ ಕಾರಣವಲ್ಲ, ಜಿಪಿಯುವೂ ಅಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, 16 ಜಿಬಿ ಇದ್ದರೆ ಒಳ್ಳೆಯದು ಎಂದು ಕಂಪನಿಯೇ ಹೇಳಿದೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ಸಾಗಿಸುತ್ತದೆ. ಡಿಸ್ಕ್ ರ‍್ಯಾಮಿಗಿಂತ ಬಹಳ ನಿಧಾನ. ಆ ಕ್ಷಣಕ್ಕೆ ಚಿತ್ರ ನಿಲ್ಲುತ್ತದೆ. ಹಾರುವ ಮೊದಲು ಬ್ರೌಸರ್ ಮುಚ್ಚುವುದು ಇದಕ್ಕೆ ಖರ್ಚಿಲ್ಲದ ಮದ್ದು.

ರ‍್ಯಾಮ್ ಒಂದೇ ಕಡ್ಡಿಯಾಗಿದೆಯೋ ಎರಡಾಗಿದೆಯೋ ನೋಡಿ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಾಗಿದೆ ಎಂದು ಬರೆದಿರುತ್ತದೆ. ಡಿಡಿಆರ್4-3200 ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು. ಎರಡು ಕಡ್ಡಿಗಳನ್ನು ಸರಿಯಾದ ಸ್ಲಾಟ್‌ಗಳಲ್ಲಿ ಹಾಕಿದರೆ 51.2 ಜಿಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಲೂ ಇದೇ ರ‍್ಯಾಮ್ ಬಳಕೆಯಾಗುವುದರಿಂದ, ಅಲ್ಲಿ ಇದರ ಲಾಭ ಹೆಚ್ಚು.

ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ಎಫ್‌ಪಿಎಸ್ ಏರುವುದಿಲ್ಲ. ಆದರೆ ಸಿಮ್ಯುಲೇಟರ್ ಬೇಗ ತೆರೆಯುತ್ತದೆ, ಹೊಸ ಪ್ರದೇಶ ಬಂದಾಗಿನ ತಡೆ ಕಡಿಮೆಯಾಗುತ್ತದೆ. ಇನ್ನು, ಮೈಕ್ರೋಸಾಫ್ಟ್ ಸಿಮ್ಯುಲೇಟರ್ ನೆಲದ ಚಿತ್ರಗಳನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು 'ಡೇಟಾ' ಪುಟದಲ್ಲಿ ಮಿತಿ ಹಾಕಿಕೊಳ್ಳದಿದ್ದರೆ ದಿನದ ಡೇಟಾ ಒಂದೇ ಹಾರಾಟದಲ್ಲಿ ಮುಗಿದೀತು.

ಪರದೆಯ ಜೊತೆ ಹೊಂದಾಣಿಕೆ

ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಸಿಮ್ಯುಲೇಟರ್ 30 ಫ್ರೇಮ್ ಕೊಟ್ಟರೆ ಪ್ರತಿ ಫ್ರೇಮ್ ಸರಿಯಾಗಿ ಎರಡು ಸಲ ಕಾಣುತ್ತದೆ. 45 ಕೊಟ್ಟರೆ ಕೆಲವು ಒಂದು ಸಲ, ಕೆಲವು ಎರಡು ಸಲ ಕಾಣುತ್ತವೆ. ಆ ಏರುಪೇರು ಕಣ್ಣಿಗೆ ತಿಳಿಯುತ್ತದೆ. ಆದ್ದರಿಂದ 60 ಮುಟ್ಟಲಾಗದ ಕಂಪ್ಯೂಟರಿನಲ್ಲಿ ವಿ-ಸಿಂಕ್ ಹಾಕಿ 30ಕ್ಕೆ ಕಟ್ಟಿಹಾಕುವುದೇ ಲೇಸು.

ಇಲ್ಲಿ ಅರ್ಥಶಾಸ್ತ್ರದ ಇಳಿಮುಖ ಸೀಮಾಂತ ತುಷ್ಟಿಗುಣವೂ ಕೆಲಸ ಮಾಡುತ್ತದೆ. 20ರಿಂದ 30ಕ್ಕೆ ಏರಿದಾಗ ಪ್ರತಿ ಫ್ರೇಮಿನಲ್ಲಿ ಉಳಿಯುವುದು ಸುಮಾರು 17 ಮಿಲಿಸೆಕೆಂಡ್. 50ರಿಂದ 60ಕ್ಕೆ ಏರಿದಾಗ ಉಳಿಯುವುದು ಬರೀ 3 ಚಿಲ್ಲರೆ. ಹೆಚ್ಚಳ ಎರಡು ಕಡೆಯೂ ಹತ್ತೇ ಫ್ರೇಮ್. ಸಿಗುವ ಲಾಭ ಮಾತ್ರ ಒಂದೇ ಅಲ್ಲ.

ಬಿಸಿ, ಧೂಳು, ವಿದ್ಯುತ್

ಹಾರಾಟದ ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ನಿಧಾನವಾದರೆ ಬಿಸಿಯನ್ನು ಅನುಮಾನಿಸಿ. ಪ್ರೊಸೆಸರ್ ತೀರಾ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಇದು ಸಾಮಾನ್ಯ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಫ್ಯಾನಿನ ಧೂಳನ್ನು ಮೃದುವಾದ ಬ್ರಷ್‌ನಿಂದ ತೆಗೆಯಿರಿ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ. ಲ್ಯಾಪ್‌ಟಾಪ್ ಆದರೆ ಹಾಸಿಗೆಯ ಮೇಲಿಟ್ಟು ಹಾರಿಸಬೇಡಿ, ಚಾರ್ಜರ್ ಹಾಕಿಯೇ ಹಾರಿಸಿ. ಬ್ಯಾಟರಿಯಲ್ಲಿದ್ದಾಗ ಅದು ಪೂರ್ತಿ ಶಕ್ತಿ ಬಳಸುವುದಿಲ್ಲ.

ಮಾಡಬಾರದ್ದು

ಮನೆಯ ಕಂಪ್ಯೂಟರ್ ಒಬ್ಬನದಲ್ಲ. ನಮ್ಮದರಲ್ಲಿ ಅಬ್ಬಾ ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಇಟ್ಟಿದ್ದಾರೆ. ಅದಕ್ಕೇ ಈ ನಾಲ್ಕು ಎಚ್ಚರಿಕೆ.

ಏನನ್ನೇ ಬದಲಿಸುವ ಮೊದಲು ಮನೆಯವರ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ.

ವೇಗ ಹೆಚ್ಚಿಸುತ್ತೇವೆ ಎನ್ನುವ 'ಬೂಸ್ಟರ್' ಮತ್ತು 'ಕ್ಲೀನರ್' ತಂತ್ರಾಂಶಗಳನ್ನು ಹಾಕಬೇಡಿ. ಅವು ತಾವೇ ಹಿನ್ನೆಲೆಯಲ್ಲಿ ಓಡುತ್ತಾ ರ‍್ಯಾಮ್ ತಿನ್ನುತ್ತವೆ. ಡ್ರೈವರ್ ಬೇಕಾದರೆ ಕಾರ್ಡ್ ತಯಾರಕರ ತಾಣದಿಂದಲೇ ತನ್ನಿ.

ಪೇಜ್ ಫೈಲ್ ಮುಚ್ಚಬೇಡಿ, ಆಂಟಿವೈರಸ್ ತೆಗೆಯಬೇಡಿ, ಪ್ರೊಸೆಸರಿನ ವೇಗವನ್ನು ಬಯಾಸ್‌ನಲ್ಲಿ ಏರಿಸಲು ಹೋಗಬೇಡಿ.

ಕಳ್ಳ ಪ್ರತಿ ಬಳಸಬೇಡಿ. ಅದು ಇನ್ನೊಬ್ಬರ ದುಡಿಮೆಯನ್ನು ಕದ್ದಂತೆ. ಜೊತೆಗೆ ಅದರೊಳಗೆ ವೈರಸ್ ಇದ್ದರೆ ಹೋಗುವುದು ಅಬ್ಬಾರ ಲೆಕ್ಕದ ಪುಸ್ತಕ. ಹಣವಿಲ್ಲದವರಿಗೆ ಫ್ಲೈಟ್‌ಗಿಯರ್ ಇದ್ದೇ ಇದೆ.

ನಮ್ಮ ಮನೆಯ ಲೆಕ್ಕ

ನಮ್ಮ ಮನೆಯ ಕಂಪ್ಯೂಟರ್ ಬಳಸಿದ ಕಂಪ್ಯೂಟರ್ ಕೊಂಡದ್ದು: ಕೋರ್ ಐ5-8400 ಪ್ರೊಸೆಸರ್, ಜಿಟಿಎಕ್ಸ್ 1660 ಕಾರ್ಡ್, 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ. ಊರಿನ ಮೇಲೆ ಜಗ್ಗುತ್ತಿತ್ತು. ಭಾಯಿಜಾನ್ ತಮ್ಮ ಸಂಬಳದಲ್ಲಿ ಉಳಿಸಿದ ಇಪ್ಪತ್ತೆರಡು ಸಾವಿರ ಕೊಟ್ಟು ಹೊಸ ಕಾರ್ಡ್ ಕೊಡಿಸುತ್ತೇನೆ ಎಂದರು. "ಭಾಯಿಜಾನ್, ಒಂದು ವಾರ ತಡೆಯಿರಿ, ಅಳೆದು ಹೇಳುತ್ತೇನೆ" ಎಂದೆ.

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿದೆ: ದಿನಾಂಕ, ಬದಲಿಸಿದ್ದು, ಎಫ್‌ಪಿಎಸ್, ಎಷ್ಟು ಸಲ ಜಗ್ಗಿತು. ದಿನಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತು ಎಂದು ತಿಳಿಯುವುದಿಲ್ಲ. ಎಫ್‌ಪಿಎಸ್ ಕಿಟಕಿ ಊರಿನ ಮೇಲೆ ಪ್ರತಿ ಸಲವೂ ಮೇನ್‌ಥ್ರೆಡ್ ಎಂದೇ ಹೇಳಿತು. ರೆಂಡರ್ ಸ್ಕೇಲಿಂಗ್ 70ಕ್ಕೆ ಇಳಿಸಿದರೂ ಎಫ್‌ಪಿಎಸ್ ಕದಲಲಿಲ್ಲ. ರ‍್ಯಾಮ್ ಮಾತ್ರ ತುಂಬಿ ತುಳುಕುತ್ತಿತ್ತು. ಅಂದರೆ ಹೆಂಚು ಸಾಕಷ್ಟು ದೊಡ್ಡದೇ ಇತ್ತು.

ಟೆರೇನ್ ವಿವರವನ್ನು 100ಕ್ಕೆ ಇಳಿಸಿ, ಟ್ರಾಫಿಕ್ ಕಡಿಮೆ ಮಾಡಿ, 30ಕ್ಕೆ ಕಟ್ಟಿಹಾಕಿದಾಗ ಅರ್ಧ ತೊಂದರೆ ಹೋಯಿತು. ಆಮೇಲೆ ಇನ್ನೊಂದು 8 ಜಿಬಿ ಕಡ್ಡಿ ಹಾಕಿಸಿದೆವು. ಆಗ ಅದಕ್ಕೆ ಎರಡು ಸಾವಿರದೊಳಗೆ ಆಯಿತು. ಸರಾಸರಿ ಎಫ್‌ಪಿಎಸ್ ಹೆಚ್ಚೇನೂ ಏರಿಲ್ಲ. ಆದರೆ ಜಗ್ಗಿದ ಸಂಖ್ಯೆಯ ಕಾಲಂ ಬಹುತೇಕ ಸೊನ್ನೆಗೆ ಬಂದಿದೆ. ಟ್ಯಾಲಿ ಕೂಡ ಬೇಗ ತೆರೆಯುತ್ತದೆ ಎಂದು ಅಬ್ಬಾ ಹೇಳುತ್ತಾರೆ. ಉಳಿದ ಇಪ್ಪತ್ತು ಸಾವಿರವನ್ನು ಭಾಯಿಜಾನ್ ಆಪಾರ ಬಿ.ಎಡ್. ಶುಲ್ಕಕ್ಕೆ ಕಟ್ಟಿದರು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚ ಎಂದು ಹೆಸರು: ಒಂದು ವಸ್ತುವಿಗಾಗಿ ಬಿಟ್ಟುಕೊಡಬೇಕಾದ ಇನ್ನೊಂದು ಒಳ್ಳೆಯದರ ಬೆಲೆ.

ನಿಮ್ಮ ಕಂಪ್ಯೂಟರಿನಲ್ಲಿ ಉತ್ತರ ಬೇರೆ ಬರಬಹುದು. ಕಿಟಕಿ ಪ್ರತಿ ಸಲವೂ ಜಿಪಿಯು ಎಂದೇ ಹೇಳಿ, ಇಳಿಸಬಹುದಾದದ್ದನ್ನೆಲ್ಲ ಇಳಿಸಿದ ಮೇಲೂ ಜಗ್ಗಿದರೆ, ಆಗ ಹೊಸ ಕಾರ್ಡ್ ನಿಜವಾಗಿಯೂ ಬೇಕು. ಧೈರ್ಯವಾಗಿ ಮನೆಯಲ್ಲಿ ಕೇಳಿ. ಕೇಳುವಾಗ ನೋಟ್‌ಬುಕ್ ಜೊತೆಗಿರಲಿ.

ಅಭ್ಯಾಸಕ್ಕೆ

1. ಹತ್ತು ಫ್ರೇಮ್‌ಗಳಲ್ಲಿ ಎಂಟು ತಲಾ 25 ಮಿಲಿಸೆಕೆಂಡ್, ಎರಡು ತಲಾ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಸರಾಸರಿ ಎಫ್‌ಪಿಎಸ್ ಎಷ್ಟು? ಈ ಹಾರಾಟ ಸರಾಗವೇ?

2. ರೆಂಡರ್ ಸ್ಕೇಲಿಂಗ್ 60ಕ್ಕೆ ಇಳಿಸಿದರೆ ಶೇಕಡಾ ಎಷ್ಟು ಚುಕ್ಕಿಗಳು ಉಳಿಯುತ್ತವೆ?

3. ನಿಮ್ಮ ಮನೆಯ ಅಥವಾ ಕಾಲೇಜು ಲ್ಯಾಬಿನ ಕಂಪ್ಯೂಟರಿನಲ್ಲಿ ಎಷ್ಟು ರ‍್ಯಾಮ್ ಸ್ಲಾಟ್ ಬಳಕೆಯಾಗಿದೆ? ಲ್ಯಾಬಿನದಾದರೆ ಉಪನ್ಯಾಸಕರ ಅನುಮತಿ ಪಡೆದು ನೋಡಿ ಬರೆಯಿರಿ.

ಉತ್ತರ: ಮೊದಲನೆಯದು ಸುಮಾರು 25 ಎಫ್‌ಪಿಎಸ್, ಸರಾಗವಲ್ಲ. ಎರಡನೆಯದು 36%. ಮೂರನೆಯದನ್ನು ನೀವೇ ಅಳೆಯಬೇಕು.